ದ್ವೀಪದ ಮಣ್ಣು ಯಾರ ದುಡಿಮೆ?

ಮೆಡಿಟರೇನಿಯನ್ ಸಮುದ್ರದ ಮಾಲ್ಟಾದಲ್ಲಿ ಮನೆ ಕಟ್ಟಲು ಪಾಯ ತೋಡಿದಾಗ ಸಿಗುವ ಮೇಲ್ಮಣ್ಣನ್ನು ಮಾಲೀಕ ತನಗೆ ತೋಚಿದಲ್ಲಿ ಸುರಿಯುವಂತಿಲ್ಲ. ಅದನ್ನು ಜೋಪಾನವಾಗಿ ತೆಗೆದು ಬೇಸಾಯದ ನೆಲಕ್ಕೆ ಸಾಗಿಸಬೇಕು. ಫಲವತ್ತಾದ ಮಣ್ಣನ್ನು ಕಾಪಾಡಲೆಂದೇ 1973ರಲ್ಲಿ ಬಂದ ಕಾನೂನು ಇದು. ಇಡೀ ದೇಶದ ವಿಸ್ತಾರ 316 ಚದರ ಕಿಲೋಮೀಟರ್. ಸುಣ್ಣಕಲ್ಲಿನ ಬಂಡೆಯ ಮೇಲೆ ಎಷ್ಟೋ ಕಡೆ ಮಣ್ಣು ಗೇಣು ಆಳವೂ ಇರುವುದಿಲ್ಲ. ಇರುವಷ್ಟನ್ನು ಹಿಡಿದು ನಿಲ್ಲಿಸಿರುವುದು ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಗಳು. 1997ರಿಂದ ಆ ಗೋಡೆಗಳಿಗೂ ಕಾನೂನಿನ ರಕ್ಷಣೆ ಸಿಕ್ಕಿದೆ. ಕಾನೂನು ಎಷ್ಟರಮಟ್ಟಿಗೆ ಪಾಲನೆಯಾಗುತ್ತಿದೆ ಎನ್ನುವುದು ಬೇರೆ ಮಾತು. ಅದರ ಹಿಂದಿರುವ ತಿಳಿವಳಿಕೆ ಮಾತ್ರ ಅಪರೂಪದ್ದು. ಮಣ್ಣು ಜಮೀನಿನ ಜೊತೆ ಪುಕ್ಕಟೆ ಬರುವಂಥದ್ದಲ್ಲ, ಅದೊಂದು ಕೂಡಿಟ್ಟ ಆಸ್ತಿ ಎಂದು ಒಂದು ಸರ್ಕಾರ ಬರಹದಲ್ಲಿ ಒಪ್ಪಿಕೊಂಡಿದೆ.

ಸಣ್ಣ ದ್ವೀಪಗಳಲ್ಲಿ ಈ ಮಾತು ಅಕ್ಷರಶಃ ನಿಜ. ಐರ್ಲೆಂಡಿನ ಪಶ್ಚಿಮಕ್ಕಿರುವ ಆರನ್ ದ್ವೀಪಗಳ ಜನ ಬರಿಯ ಸುಣ್ಣಕಲ್ಲಿನ ಹಾಸಿನ ಮೇಲೆ ಮರಳನ್ನೂ ಕಡಲಕಳೆಯನ್ನೂ ಹೊತ್ತು ತಂದು ಹರಡಿ, ಆಲೂಗಡ್ಡೆ ಬೆಳೆಯುವ ಮಣ್ಣನ್ನೇ ತಯಾರಿಸಿಕೊಂಡರು. ಕ್ಯಾನರಿ ದ್ವೀಪಗಳ ಪೈಕಿ ಲಾಂಜರೋಟೆಯಲ್ಲಿ 1730ರಿಂದ 1736ರವರೆಗೆ ಜ್ವಾಲಾಮುಖಿ ಉಗುಳಿದ ಕಪ್ಪು ಹರಳು ಹೊಲಗದ್ದೆಗಳನ್ನು ಮುಚ್ಚಿಹಾಕಿತು. ಅಲ್ಲಿನ ರೈತರು ಆ ಹರಳಿನಲ್ಲಿ ಗುಂಡಿ ತೋಡಿ, ಅಡಿಯ ಹಳೆಯ ಮಣ್ಣಿಗೆ ಬೇರು ಇಳಿಯುವಂತೆ ದ್ರಾಕ್ಷಿ ನೆಟ್ಟರು. ಹರಳು ನೆಲದ ತೇವ ಆರದಂತೆ ಕಾಯುವ ಮುಚ್ಚಿಗೆಯಾಯಿತು. ಎರಡೂ ಕಡೆ ನಿಸರ್ಗ ಕೊಟ್ಟದ್ದು ಕಚ್ಚಾ ಸಾಮಗ್ರಿ ಅಷ್ಟೇ, ಉಳಿದದ್ದೆಲ್ಲ ಮನುಷ್ಯರ ರಟ್ಟೆ.

ದ್ವೀಪಗಳ ಮಣ್ಣಿನ ಬಗ್ಗೆ ಇವತ್ತು ನಡೆಯುವ ಚರ್ಚೆಗಳಲ್ಲಿ ತಳಿ, ಗೊಬ್ಬರ, ಹವಾಮಾನ ನಿಧಿ, ಉಪಗ್ರಹ ನಕ್ಷೆ ಎಲ್ಲವೂ ಬರುತ್ತವೆ. ಕೂಲಿಯ ಮಾತು ಮಾತ್ರ ಬರುವುದಿಲ್ಲ. ಈ ಮಣ್ಣು ಹಾಳಾಗಲು ಹೆಚ್ಚಿನ ಕಡೆ ಕಾರಣ ತಂತ್ರಜ್ಞಾನದ ಕೊರತೆಯಲ್ಲ. ಅದನ್ನು ಕಟ್ಟುವ ಕೆಲಸಕ್ಕೆ ಕೂಲಿಯಿಲ್ಲ, ಕಟ್ಟಿದವನಿಗೆ ನೆಲದ ಭರವಸೆಯಿಲ್ಲ. ಈ ಲೇಖನದ ವಾದ ಅದು.

ಮೊದಲು ಹಿನ್ನೆಲೆಯನ್ನು ಚುಟುಕಾಗಿ ನೋಡಿಬಿಡೋಣ. 1992ರ ರಿಯೊ ಭೂಶೃಂಗಸಭೆಯಲ್ಲಿ ಸಣ್ಣ ದ್ವೀಪ ರಾಷ್ಟ್ರಗಳನ್ನು ಪ್ರತ್ಯೇಕ ಗುಂಪಾಗಿ ಗುರುತಿಸಲಾಯಿತು. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಈಗ ಅಂಥ 39 ದೇಶಗಳಿವೆ. ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ ಇವುಗಳಲ್ಲಿ ಬಹುತೇಕ ದೇಶಗಳು ತಿನ್ನುವ ಆಹಾರದ ಶೇ 60ಕ್ಕಿಂತ ಹೆಚ್ಚು ಪಾಲು ಆಮದಿನದು, ಸುಮಾರು ಅರ್ಧದಷ್ಟು ದೇಶಗಳಲ್ಲಿ ಅದು ಶೇ 80ನ್ನೂ ಮೀರುತ್ತದೆ. ಹಡಗು ಬರುವುದು ತಡವಾದರೆ ಅಂಗಡಿ ಖಾಲಿ. ಊರಿನ ಮಣ್ಣಿನಲ್ಲೇ ಇನ್ನಷ್ಟು ಬೆಳೆಯಬೇಕು ಎಂಬ ಒತ್ತಾಯ ಹುಟ್ಟುವುದು ಇಲ್ಲಿಂದ.

ಹವಳದ ಮರಳಿನಲ್ಲಿ ಕೆಸು

ಸಣ್ಣ ದ್ವೀಪ ಎಂದೊಡನೆ ಎಲ್ಲವನ್ನೂ ಒಂದೇ ಬಗೆಯೆಂದು ತಿಳಿಯುವುದು ತಪ್ಪಾಗುತ್ತದೆ. ಜ್ವಾಲಾಮುಖಿಯಿಂದ ಎದ್ದ ಎತ್ತರದ ದ್ವೀಪಗಳು ಒಂದು ಬಗೆ. ಅಲ್ಲಿ ಮಣ್ಣು ಆಳವಾಗಿರುತ್ತದೆ, ಕಪ್ಪಗಿರುತ್ತದೆ, ನೋಡಿದರೆ ಆಸೆ ಹುಟ್ಟುತ್ತದೆ. ತೊಂದರೆ ಇಳಿಜಾರಿನದು. ಜೊತೆಗೆ ಬೂದಿಯಿಂದ ಹುಟ್ಟಿದ ಮಣ್ಣುಗಳು ರಂಜಕವನ್ನು ಬಿಗಿಯಾಗಿ ಹಿಡಿದುಕೊಂಡು ಗಿಡಕ್ಕೆ ಸುಲಭವಾಗಿ ಬಿಡುವುದಿಲ್ಲ. ಕಿರಿಬಾಸ್, ಟುವಾಲು, ಮಾರ್ಷಲ್ ದ್ವೀಪಗಳು, ಮಾಲ್ಡೀವ್ಸ್, ಲಕ್ಷದ್ವೀಪ ಇವು ಇನ್ನೊಂದು ಬಗೆ. ಸಮುದ್ರಮಟ್ಟದಿಂದ ಎರಡು ಮೂರು ಮೀಟರ್ ಎತ್ತರದ ಹವಳದ ದಿಣ್ಣೆಗಳು. ಇವುಗಳ ಬಗ್ಗೆಯೇ ಹೆಚ್ಚು ಹೇಳಬೇಕಿದೆ.

ಇಲ್ಲಿ ಮಣ್ಣೆಂದರೆ ಹವಳವೂ ಚಿಪ್ಪೂ ಪುಡಿಯಾದ ಮರಳು, ಅಂದರೆ ಬಹುಪಾಲು ಸುಣ್ಣ. ರಸಸಾರ (pH) 8ರ ಆಚೀಚೆ ಅಥವಾ ಅದಕ್ಕೂ ಮೇಲೆ. ಜೇಡಿಯಂಶ ಇಲ್ಲವೇ ಇಲ್ಲ ಎನ್ನಬಹುದು. ಬೇರೆ ಕಡೆ ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಡುವ ಕೆಲಸದ ಒಂದು ಪಾಲನ್ನು ಜೇಡಿ ಮಾಡುತ್ತದೆ, ಇನ್ನೊಂದು ಪಾಲನ್ನು ಕೊಳೆತ ಎಲೆಕಸ ಮಾಡುತ್ತದೆ. ಹವಳದ ದ್ವೀಪದಲ್ಲಿ ಆ ಹೊಣೆಯೆಲ್ಲ ಎಲೆಕಸದ ಮೇಲೆಯೇ. ಅದು ಹೋಯಿತೆಂದರೆ ಉಳಿಯುವುದು ಬೀಚಿನ ಮರಳು. ಪೊಟ್ಯಾಷ್ ತೀರಾ ಕಡಿಮೆ. ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ ಮೊದಲೇ ಕಡಿಮೆ, ಇರುವಷ್ಟೂ ಸುಣ್ಣದ ನಡುವೆ ಕರಗದೆ ಕೂತಿರುತ್ತದೆ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಹಾಗೆಂದು ಕಬ್ಬಿಣದ ಸಲ್ಫೇಟನ್ನು ನೇರವಾಗಿ ಮರಳಿಗೆ ಸುರಿದರೆ ಕೆಲವೇ ದಿನಗಳಲ್ಲಿ ಅದೂ ಕರಗದ ರೂಪಕ್ಕೆ ತಿರುಗುತ್ತದೆ. ಎಲೆಗೆ ಸಿಂಪಡಿಸಬಹುದು, ಇಲ್ಲವೇ ಕೊಳೆಯುವ ಗೊಬ್ಬರದ ಜೊತೆ ಸೇರಿಸಬಹುದು.

ಈ ಎರಡನೆಯ ದಾರಿಯನ್ನು ಕಿರಿಬಾಸಿನ ಜನ ತಾವೇ ಕಂಡುಕೊಂಡಿದ್ದರು. ಗಿಡ ನೆಡುವ ಗುಂಡಿಗೆ ತುಕ್ಕು ಹಿಡಿದ ಡಬ್ಬಿಗಳನ್ನು ಎಲೆಕಸದೊಂದಿಗೆ ಹಾಕುವ ರೂಢಿ ಅಲ್ಲಿದೆ. ಎಲೆ ಕೊಳೆಯುವಾಗ ಹುಟ್ಟುವ ಆಮ್ಲಗಳು ತುಕ್ಕನ್ನು ಹಿಡಿದು ಬೇರಿಗೆ ಒದಗುವ ರೂಪದಲ್ಲಿ ಇಡುತ್ತವೆ. ಹೊರಗಿನಿಂದ ಬಂದ ಟಿನ್ ಮೀನು, ಟಿನ್ ಮಾಂಸದ ಡಬ್ಬಿ ಹೀಗೆ ಗೊಬ್ಬರದ ಗುಂಡಿ ಸೇರುತ್ತದೆ. ಕೃಷಿ ವಿಜ್ಞಾನಿಗಳು ನಂತರ ನಡೆಸಿದ ಪ್ರಯೋಗಗಳೂ ಕಾಂಪೋಸ್ಟಿಗೆ ಸೂಕ್ಷ್ಮ ಪೋಷಕಾಂಶ ಸೇರಿಸುವ ಈ ದಿಕ್ಕಿನಲ್ಲೇ ಸಾಗಿವೆ.

ಅದಕ್ಕಿಂತ ದೊಡ್ಡ ಸಾಧನೆ ಕೆಸುವಿನ ಗುಂಡಿ. ಕಿರಿಬಾಸಿನಲ್ಲಿ ಬಬಾಯಿ, ಟುವಾಲುವಿನಲ್ಲಿ ಪುಲಕ ಎನ್ನುವ ದೈತ್ಯ ಜವುಗುಗೆಸುವಿಗಾಗಿ ತಲೆಮಾರುಗಳ ಹಿಂದೆ ಕೈಯಲ್ಲೇ ತೋಡಿದ ಗುಂಡಿಗಳಿವು. ಹವಳದ ಗಟ್ಟಿ ಪದರವನ್ನು ಒಡೆದು, ಅಂತರ್ಜಲ ಜಿನುಗುವವರೆಗೂ ಇಳಿದಿದ್ದಾರೆ. ಗಿಡದ ಸುತ್ತ ಕೇದಿಗೆಯ ಎಲೆಯಲ್ಲಿ ಹೆಣೆದ ತಳವಿಲ್ಲದ ಬುಟ್ಟಿ ಇಡುತ್ತಾರೆ. ಅದರೊಳಗೆ ಬೇರೆ ಬೇರೆ ಮರಗಳ ಎಲೆಯನ್ನು ಕೊಚ್ಚಿ, ಮರದಡಿಯ ಕಪ್ಪು ಮಣ್ಣು ಸೇರಿಸಿ ತುಂಬುತ್ತಾರೆ. ಅದು ಕೊಳೆತು ಇಳಿದಂತೆ ಮತ್ತೆ ತುಂಬುತ್ತಾರೆ. ಗಿಡ ಬೆಳೆದಂತೆ ಬುಟ್ಟಿಯೂ ದೊಡ್ಡದಾಗುತ್ತದೆ. ಯಾವ ಎಲೆಯನ್ನು ಎಷ್ಟು ಒಣಗಿಸಿ ಯಾವಾಗ ಹಾಕಬೇಕು ಎಂಬ ವಿದ್ಯೆಯನ್ನು ಕುಟುಂಬಗಳು ಗುಟ್ಟಾಗಿ ಕಾಪಾಡಿಕೊಂಡು ಬಂದಿವೆ. ಗಡ್ಡೆ ವರ್ಷಗಟ್ಟಲೆ ಬೆಳೆಯುತ್ತದೆ, ಮದುವೆ ಹಬ್ಬಗಳಲ್ಲಿ ಮನೆತನದ ಮರ್ಯಾದೆಯಾಗಿ ಬಡಿಸಲ್ಪಡುತ್ತದೆ. ಮರ್ಯಾದೆಯೇ ಇಲ್ಲಿ ಕೂಲಿ ಎನ್ನಬಹುದು. ಅಕ್ಕಿ ಮೂಟೆ ಅಂಗಡಿಗೆ ಬಂದು, ಮರ್ಯಾದೆ ಬೇರೆ ಕಡೆ ಸಿಗತೊಡಗಿದ ಮೇಲೆ ಎಷ್ಟೋ ಗುಂಡಿಗಳು ಕಳೆ ತುಂಬಿ ನಿಂತವು.

ಈ ಗುಂಡಿಗಳಿಗೆ ಹೊರಗಿನ ಪೆಟ್ಟೂ ಬಿದ್ದಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಅಮೆರಿಕದ ಸೇನೆ ಟುವಾಲುವಿನ ಫುನಾಫುಟಿಯಲ್ಲಿ ವಿಮಾನದ ಓಡುದಾರಿ ಹಾಸಿತು. ಆ ಕಾಮಗಾರಿ ದ್ವೀಪದ ಒಳ್ಳೆಯ ಪುಲಕ ಗುಂಡಿಗಳನ್ನು ನುಂಗಿತು. ಓಡುದಾರಿಗೆ ಹವಳದ ಕಲ್ಲು ಅಗೆದ ಹೊಂಡಗಳು ಏಳು ದಶಕ ಹಾಗೆಯೇ ಬಿದ್ದಿದ್ದು, ಅವನ್ನು ಮುಚ್ಚಿದ್ದು 2015ರಲ್ಲಿ. ಟುವಾಲುವಿನ ಒಟ್ಟು ನೆಲ 26 ಚದರ ಕಿಲೋಮೀಟರ್ ಎಂಬುದನ್ನು ನೆನಪಿಟ್ಟುಕೊಂಡರೆ ಈ ನಷ್ಟದ ಗಾತ್ರ ತಿಳಿಯುತ್ತದೆ.

ಇನ್ನೊಂದು ಅಪಾಯ ಕೆಳಗಿನಿಂದ ಬರುತ್ತದೆ. ಹವಳದ ದ್ವೀಪದಡಿ ಮಳೆನೀರು ಮಸೂರದಾಕಾರದಲ್ಲಿ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸ್ಥೂಲವಾದ ನಿಯಮವೊಂದಿದೆ: ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ, ಅದರ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ನಿಂತಿರಬಲ್ಲದು. ತಿರುವಿ ಹೇಳುವುದಾದರೆ, ಮೇಲೆ ಕೆಲವೇ ಸೆಂಟಿಮೀಟರ್ ಇಳಿದರೂ ಕೆಳಗೆ ಉಪ್ಪುನೀರು ಮೀಟರುಗಟ್ಟಲೆ ಏರುತ್ತದೆ. ಬರ ಬಂದಾಗ, ಅತಿಯಾಗಿ ನೀರೆತ್ತಿದಾಗ, ದೊಡ್ಡ ಭರತದಲ್ಲಿ ಅಲೆ ದಿಣ್ಣೆ ದಾಟಿ ನುಗ್ಗಿದಾಗ ಗುಂಡಿಯ ಕೆಸು ಕಂದುತ್ತದೆ. ಕುಡಿಯುವ ನೀರೂ ಇದೇ ಮಸೂರದಿಂದಲೇ ಬರಬೇಕು. ಹೀಗಿರುವಾಗ ಯೂರಿಯಾ ಹೆಚ್ಚಿಗೆ ಸುರಿಯಿರಿ ಎನ್ನುವ ಸಲಹೆಗೆ ಅರ್ಥವಿಲ್ಲ. ಮರಳಿನಲ್ಲಿ ನಿಲ್ಲದ ನೈಟ್ರೇಟ್ ಒಂದು ಜೋರು ಮಳೆಗೆ ಬಾವಿ ಸೇರುತ್ತದೆ, ಅಲ್ಲಿಂದ ಹವಳದ ದಂಡೆಗೆ ಹೋಗಿ ಪಾಚಿ ಬೆಳೆಸುತ್ತದೆ.

ಈ ಮರಳಿಗೆ ಒಂದು ಅನುಕೂಲವೂ ಇದೆ. 2004ರ ಸುನಾಮಿಯಲ್ಲಿ ಮಾಲ್ಡೀವ್ಸಿನ ಹಲವು ದ್ವೀಪಗಳ ತೋಟಗಳಿಗೆ ಸಮುದ್ರದ ನೀರು ನುಗ್ಗಿತು. ಆದರೆ ನೀರು ಸುಲಭವಾಗಿ ಇಳಿಯುವ ನೆಲವಾದ್ದರಿಂದ ಮಳೆ ಉಪ್ಪನ್ನು ಬೇಗ ತೊಳೆದುಬಿಟ್ಟಿತು. ಅಂಡಮಾನಿನ ತಗ್ಗು ಗದ್ದೆಗಳ ಕಥೆ ಬೇರೆ. ಅಲ್ಲಿ ನೆಲವೇ ಕುಸಿದು ಭರತದ ನೀರು ನಿಲ್ಲತೊಡಗಿತು. ಪೋರ್ಟ್‌ಬ್ಲೇರಿನ (ಈಗಿನ ಶ್ರೀ ವಿಜಯಪುರಂ) ಕೃಷಿ ಸಂಶೋಧಕರು ಸೂಚಿಸಿದ ಪರಿಹಾರ ಅಗಲ ಏರುಮಡಿ. ಸಾಲಿನ ಮಣ್ಣನ್ನು ತೋಡಿ ಪಕ್ಕದ ಮಡಿಗೆ ಏರಿಸುವುದು, ಮಳೆ ಮಡಿಯ ಉಪ್ಪನ್ನು ಇಳಿಸುವಂತೆ ಮಾಡುವುದು, ಸಾಲಿನಲ್ಲಿ ನಿಂತ ನೀರಿನಲ್ಲಿ ಮೀನು ಸಾಕುವುದು. ಒಳ್ಳೆಯ ಉಪಾಯ. ಗುದ್ದಲಿ ಹಿಡಿಯುವ ಕೈ ಬೇಕು ಅಥವಾ ಯಂತ್ರದ ಬಾಡಿಗೆ ಬೇಕು.

ಒಂದು ಪಾತಿಯ ಲೆಕ್ಕ

ಸಾವಯವ ಅಂಶ ಹೆಚ್ಚಿಸಿ ಎಂದು ಪ್ರತಿ ಕೈಪಿಡಿಯೂ ಹೇಳುತ್ತದೆ. ಅದರರ್ಥ ಎಷ್ಟು ಕೆಲಸ ಎಂದು ಒಮ್ಮೆ ಲೆಕ್ಕ ಹಾಕಿ ನೋಡೋಣ. ಹತ್ತು ಚದರ ಮೀಟರಿನ ಒಂದು ತರಕಾರಿ ಪಾತಿ. ಹದಿನೈದು ಸೆಂಟಿಮೀಟರ್ ಆಳದವರೆಗೆ ಅದರ ಮಣ್ಣು ಒಂದೂವರೆ ಘನ ಮೀಟರ್, ತೂಕ ಸುಮಾರು 1,800 ಕಿಲೊ. ಸಾವಯವ ಅಂಶವನ್ನು ಶೇ 1ರಷ್ಟು ಏರಿಸಲು 18 ಕಿಲೊ ಗಟ್ಟಿ ಸಾವಯವ ವಸ್ತು ಉಳಿಯಬೇಕು. ಹಸಿ ಎಲೆ 100 ಕಿಲೊ ತಂದರೆ ಒಣ ತೂಕ 30 ಕಿಲೊ ಎಂದಿಟ್ಟುಕೊಳ್ಳಿ. ಕಾಂಪೋಸ್ಟ್ ಆಗುವಾಗ ಅರ್ಧ ಹೋಗುತ್ತದೆ. ಉಷ್ಣವಲಯದ ಬಿಸಿಗೆ ಒಂದು ವರ್ಷದೊಳಗೆ ಉಳಿದದ್ದರಲ್ಲೂ ಅರ್ಧ ಕರಗುತ್ತದೆ ಎಂದುಕೊಂಡರೆ ಕೈಯಲ್ಲಿರುವುದು ಏಳು ಏಳೂವರೆ ಕಿಲೊ. ಅಂದರೆ ಒಂದು ಪುಟ್ಟ ಪಾತಿಗೆ ಹತ್ತಿರ ಹತ್ತಿರ 250 ಕಿಲೊ ಹಸಿ ಎಲೆ ಬೇಕು. ಮುಂದಿನ ವರ್ಷ ಮತ್ತೆ ತರಬೇಕು, ಏಕೆಂದರೆ ಕರಗುವುದು ನಿಲ್ಲುವುದಿಲ್ಲ.

ಇದು ಸ್ಥೂಲ ಲೆಕ್ಕ, ಎಲೆ ಬದಲಾದರೆ ಅಂಕಿ ಬದಲಾಗುತ್ತದೆ. ಆದರೆ ಕೆಲಸದ ಅಳತೆ ಹೆಚ್ಚು ಕಡಿಮೆ ಇಷ್ಟೇ. ಕಡಿಯುವುದು, ಹೊರುವುದು, ಕೊಚ್ಚುವುದು, ರಾಶಿ ಮಗುಚುವುದು. ಬಹುತೇಕ ಯೋಜನೆಗಳು ಕೊಡುವುದು ಒಂದು ದಿನದ ತರಬೇತಿ, ಒಂದು ಕಾಂಪೋಸ್ಟ್ ತೊಟ್ಟಿ, ಒಂದು ಫೋಟೊ. ಗೊಬ್ಬರದ ಚೀಲಕ್ಕೆ ಸಹಾಯಧನ ಕೊಡುವುದು ಸುಲಭ, ಏಕೆಂದರೆ ಚೀಲಕ್ಕೆ ಬಿಲ್ಲು ಇರುತ್ತದೆ. ಎಲೆ ಹೊತ್ತವರಿಗೆ ಬಿಲ್ಲು ಎಲ್ಲಿಂದ ಬರಬೇಕು?

ಹಡಗು ಹತ್ತಿಹೋದ ನೆಲ

ಮಣ್ಣು ಕೊಚ್ಚಿಹೋಗುತ್ತದೆ ಎಂದು ಹೇಳುವಾಗ ನಾವು ಮಳೆಯನ್ನು ನೆನೆಯುತ್ತೇವೆ. ಪೆಸಿಫಿಕ್‌ನ ಎರಡು ದ್ವೀಪಗಳಲ್ಲಿ ಅದು ಹಡಗಿನಲ್ಲಿ ಹೋಯಿತು. 21 ಚದರ ಕಿಲೋಮೀಟರಿನ ನೌರುವಿನಲ್ಲಿ ಕಳೆದ ಶತಮಾನದ ಮೊದಲ ದಶಕದಲ್ಲೇ ರಂಜಕದ ಗಣಿಗಾರಿಕೆ ಶುರುವಾಯಿತು. ಅಗೆದದ್ದು ಬಹುಪಾಲು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಹುಲ್ಲುಗಾವಲು, ಗೋಧಿ ಹೊಲಗಳಿಗೆ ಸೂಪರ್ ಫಾಸ್ಫೇಟ್ ಆಗಿ ಹೋಯಿತು. ದ್ವೀಪದ ಐದರಲ್ಲಿ ನಾಲ್ಕು ಪಾಲು ನೆಲ ಇವತ್ತು ಸುಣ್ಣಕಲ್ಲಿನ ಚೂಪು ಕಂಬಗಳ ಕಾಡು. ಗುದ್ದಲಿ ಊರಲೂ ಜಾಗವಿಲ್ಲ. 1989ರಲ್ಲಿ ನೌರು ಆಸ್ಟ್ರೇಲಿಯಾವನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಿತು, 1993ರಲ್ಲಿ 10.7 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ರಾಜಿಯಾಯಿತು. ಪಕ್ಕದ ಬನಾಬಾದಲ್ಲಿ 1900ರಿಂದ 1979ರವರೆಗೆ ಇದೇ ಅಗೆತ ನಡೆಯಿತು. ಅಲ್ಲಿನ ಜನರನ್ನು 1945ರಲ್ಲಿ ಫಿಜಿಯ ರಾಬಿ ದ್ವೀಪಕ್ಕೆ ಸಾಗಿಸಲಾಯಿತು.

ಇವು ವಿಪರೀತದ ಉದಾಹರಣೆಗಳು ಎಂದು ಬದಿಗಿಡಬಹುದು. ಆದರೆ ಸಣ್ಣ ಪ್ರಮಾಣದಲ್ಲಿ ಇದೇ ವ್ಯವಹಾರ ಎಲ್ಲ ದ್ವೀಪಗಳಲ್ಲೂ ನಡೆಯುತ್ತಿದೆ. ಬಾಳೆ, ಸಕ್ಕರೆ, ಕೊಬ್ಬರಿ, ಕೆಸು ಹೊರಗೆ ಹೋಗುವಾಗ ಪೊಟ್ಯಾಷ್, ರಂಜಕವೂ ಜೊತೆಗೆ ಹೋಗುತ್ತವೆ. ಅಕ್ಕಿ, ಹಿಟ್ಟು, ಕೋಳಿ ಒಳಗೆ ಬರುವಾಗ ಬೇರೆ ದೇಶದ ಪೋಷಕಾಂಶಗಳು ಬರುತ್ತವೆ. ಬಂದದ್ದು ಹೊಲ ಸೇರುವುದಿಲ್ಲ. ಕಸದ ಗುಡ್ಡೆ, ಸೆಪ್ಟಿಕ್ ಟ್ಯಾಂಕ್, ಕೊನೆಗೆ ಲಗೂನು, ಅಂದರೆ ಹವಳದ ದಂಡೆಯೊಳಗಿನ ಕಡಲಕೊಳ. ಮುಕ್ಕಾಲು ಪಾಲು ಆಹಾರ ಆಮದು ಮಾಡಿಕೊಳ್ಳುವ ದ್ವೀಪಕ್ಕೆ ಫಲವತ್ತತೆ ದಿನಾ ಹಡಗಿನಲ್ಲಿ ಬಂದಿಳಿಯುತ್ತಿದೆ. ಅದನ್ನು ಸಮುದ್ರಕ್ಕೆ ಬಿಟ್ಟು, ಮತ್ತೆ ಹಣ ಕೊಟ್ಟು ಗೊಬ್ಬರ ತರಿಸುವುದು ಅದೇ ಬಂದರಿನ ಮೂಲಕ.

ಇಳಿಜಾರು, ಗೇಣಿ, ವಲಸೆ

ಇಳಿಜಾರಿನ ದ್ವೀಪಗಳಿಗೆ ಬಂದರೆ, ಬಾರ್ಬಡೋಸಿನ ಇತಿಹಾಸ ಎಲ್ಲರೂ ಓದಬೇಕಾದದ್ದು. 1640ರ ದಶಕದಲ್ಲಿ ಕಬ್ಬು ಬಂತು, ಕೆಲವೇ ದಶಕಗಳಲ್ಲಿ ಕಾಡು ಹೋಯಿತು, ಇಳಿಜಾರಿನ ಮಣ್ಣು ಜಾರತೊಡಗಿತು. ಅದಕ್ಕೆ ಪ್ಲಾಂಟರುಗಳು ಕಂಡುಕೊಂಡ ಉಪಾಯ ಕಬ್ಬಿನ ಗುಳಿ. ಸಾಲು ಹೊಡೆಯುವ ಬದಲು ಹೊಲವನ್ನೆಲ್ಲ ಚೌಕ ಗುಳಿಗಳಾಗಿ ತೋಡಿ, ನಡುವೆ ಮಣ್ಣಿನ ಏರಿ ಬಿಟ್ಟು, ಗುಳಿಯಲ್ಲಿ ಕಬ್ಬಿನ ತುಂಡು ನೆಟ್ಟು ಸಗಣಿ ಗೊಬ್ಬರ ಹಾಕುವುದು. ಬಿದ್ದ ಮಳೆ ಗುಳಿಯಲ್ಲೇ ಇಂಗುತ್ತದೆ, ಮಣ್ಣು ಅಲ್ಲೇ ನಿಲ್ಲುತ್ತದೆ. ಮಣ್ಣು ಸಂರಕ್ಷಣೆಯ ದೃಷ್ಟಿಯಿಂದ ಇವತ್ತಿಗೂ ಮೆಚ್ಚಬಹುದಾದ ವಿಧಾನ. ಅದನ್ನು ತೋಡಿದವರು, ತಲೆಯ ಮೇಲೆ ಬುಟ್ಟಿಯಲ್ಲಿ ಸಗಣಿ ಹೊತ್ತವರು, ಕೆಳಗೆ ಜಾರಿದ ಮಣ್ಣನ್ನು ಮತ್ತೆ ಮೇಲಕ್ಕೆ ಹೊತ್ತವರು ಆಫ್ರಿಕಾದಿಂದ ತಂದ ಗುಲಾಮರು. ಕೈಯಿಂದ ಕಟ್ಟಿದ ಮಣ್ಣನ್ನು ಹೊಗಳುವಾಗ ಇದನ್ನು ಮರೆಯಬಾರದು. ಎಲ್ಲ ಕಡೆಯೂ ಆ ಕೆಲಸ ಆರನ್ ದ್ವೀಪದಂತೆ ಸ್ವಂತ ಹೊಟ್ಟೆಗಾಗಿ ನಡೆದದ್ದಲ್ಲ. ಕೂಲಿಯಿಲ್ಲದ ಮಣ್ಣು ಸಂರಕ್ಷಣೆಗೆ ಒಂದು ಕರಾಳ ಪರಂಪರೆಯೇ ಇದೆ, ‘ಸಮುದಾಯ ಸಹಭಾಗಿತ್ವ’ ಎಂಬ ಹೆಸರಿನಲ್ಲಿ ಪುಕ್ಕಟೆ ದುಡಿಮೆ ಕೇಳುವ ಯೋಜನೆಗಳನ್ನು ನೋಡುವಾಗ ನನಗೆ ಕಸಿವಿಸಿಯಾಗುವುದು ಅದಕ್ಕೇ.

ಕೇಪ್ ವರ್ಡೆಯಲ್ಲಿ ವರ್ಷದ ಮಳೆಯೆಲ್ಲ ಕೆಲವೇ ಬಿರುಮಳೆಗಳಲ್ಲಿ ಸುರಿದುಬಿಡುತ್ತದೆ. ಮೆಕ್ಕೆಜೋಳ ಕೊಯ್ದ ಮೇಲೆ ದಂಟು ದನಗಳ ಪಾಲು, ಮೊದಲ ಮಳೆ ಬೀಳುವಾಗ ಗುಡ್ಡ ಬೋಳು. ಅಲ್ಲಿ ಕಲ್ಲಿನ ಒಡ್ಡು, ಮೆಟ್ಟಿಲು ಗದ್ದೆ, ತೊಗರಿ ಮತ್ತು ಲೋಳೆಸರದ ಬೇಲಿ ಸಾಲುಗಳನ್ನು ದಶಕಗಳಿಂದ ಹಾಕಿದ್ದಾರೆ. ಫಿಜಿಯಲ್ಲಿ 1950ರ ದಶಕದಲ್ಲೇ ಕಬ್ಬಿನ ಇಳಿಜಾರುಗಳಿಗೆ ಅಡ್ಡವಾಗಿ ಲಾವಂಚದ ಸಾಲು ನೆಟ್ಟರು. ಲಾವಂಚದ ಬೇರು ನೇರ ಕೆಳಗಿಳಿಯುತ್ತದೆ, ಪಕ್ಕದ ಬೆಳೆಗೆ ಅಷ್ಟಾಗಿ ಪೈಪೋಟಿ ಕೊಡುವುದಿಲ್ಲ. ಒತ್ತಾದ ಬುಡ ನೀರಿನ ವೇಗ ತಗ್ಗಿಸಿ ಮಣ್ಣನ್ನು ತಡೆಯುತ್ತದೆ. ವರ್ಷ ಕಳೆದಂತೆ ಸಾಲಿನ ಹಿಂದೆ ತಾನಾಗಿಯೇ ಮೆಟ್ಟಿಲು ಏಳುತ್ತದೆ. ಇಂಥ ಸಾಬೀತಾದ ವಿಧಾನ ಅದೇ ಫಿಜಿಯಲ್ಲೇ ಎಲ್ಲ ಗುಡ್ಡಕ್ಕೂ ಯಾಕೆ ಹರಡಲಿಲ್ಲ?

ಉತ್ತರದ ಒಂದು ಪಾಲು ಗೇಣಿಯಲ್ಲಿದೆ. ಫಿಜಿಯ ಬಹುಪಾಲು ನೆಲ ಮೂಲನಿವಾಸಿ ಕುಲಗಳದ್ದು. ಕಬ್ಬು ಬೆಳೆಯುತ್ತಿದ್ದವರಲ್ಲಿ ಹೆಚ್ಚಿನವರು ಭಾರತೀಯ ಮೂಲದ ಗೇಣಿದಾರರು. 1976ರ ಕಾನೂನಿನಡಿ ಮೂವತ್ತು ವರ್ಷಗಳ ಗೇಣಿ ಸಿಗುತ್ತಿತ್ತು. ಅದಕ್ಕೂ ಮೊದಲೇ ಶುರುವಾಗಿದ್ದ ಗೇಣಿಗಳ ಅವಧಿ 1997ರಿಂದ ಮುಗಿಯತೊಡಗಿತು, ಅನೇಕರಿಗೆ ನವೀಕರಣವಾಗಲಿಲ್ಲ. ಕುಲದವರಿಗೆ ತಮ್ಮ ನೆಲ ಮರಳಿ ಬೇಕೆನ್ನಿಸುವುದು ನ್ಯಾಯವೇ. ಆದರೆ ಗೇಣಿಯ ಕೊನೆಯ ವರ್ಷಗಳಲ್ಲಿರುವ ರೈತನ ಜಾಗದಲ್ಲಿ ನಿಂತು ಯೋಚಿಸಿ: ಹತ್ತು ವರ್ಷಕ್ಕೆ ಫಲ ಕೊಡುವ ಬದು ಕಟ್ಟಬೇಕೋ, ಈ ವರ್ಷ ಇನ್ನೆರಡು ಸಾಲು ಕಬ್ಬು ಕೂರಿಸಬೇಕೋ? ಗೇಣಿ ಮುಗಿದಾಗ ರೈತ ಸುಧಾರಿಸಿದ ಮಣ್ಣಿಗೆ ಬೆಲೆ ಕಟ್ಟಿ ಕೊಡುವ ವ್ಯವಸ್ಥೆಯನ್ನು ಗಟ್ಟಿಯಾಗಿ ತಂದರೆ, ಅದು ಹತ್ತು ತರಬೇತಿ ಶಿಬಿರಗಳಿಗಿಂತ ಹೆಚ್ಚು ಮಣ್ಣು ಉಳಿಸೀತು.

ಫಿಜಿಯದೇ ತವೆಯುನಿ ದ್ವೀಪದ ಕಥೆ ಮಾರುಕಟ್ಟೆಯ ಒತ್ತಡಕ್ಕೆ ಒಳ್ಳೆಯ ನಿದರ್ಶನ. 1993ರಲ್ಲಿ ಸಮೋವಾದ ಕೆಸುವಿಗೆ ಎಲೆ ಅಂಗಮಾರಿ ಬಡಿದು ಅಲ್ಲಿಯ ರಫ್ತು ನೆಲಕಚ್ಚಿತು. ಆಕ್ಲೆಂಡ್, ಸಿಡ್ನಿಗಳಲ್ಲಿ ನೆಲೆಸಿದ ಪೆಸಿಫಿಕ್ ಜನರಿಗೆ ಕೆಸು ಬೇಕೇ ಬೇಕು. ಆ ಜಾಗವನ್ನು ತವೆಯುನಿ ತುಂಬಿತು. ಜ್ವಾಲಾಮುಖಿಯ ಕಪ್ಪು ಮಣ್ಣು, ಒಳ್ಳೆಯ ಮಳೆ, ಕೈತುಂಬ ಕಾಸು. ಬೀಳು ಬಿಡುವ ರೂಢಿ ಕಡಿಮೆಯಾಯಿತು, ಕೆಸುವಿನ ಮೇಲೆ ಕೆಸು ಬಂತು, ಇಳುವರಿ ಇಳಿದಾಗ ಕಾಡು ಕಡಿದು ಮೇಲಕ್ಕೆ ಹತ್ತಿದರು. ಒಂದು ದ್ವೀಪಕ್ಕೆ ಬಂದ ರೋಗ ಇನ್ನೊಂದು ದ್ವೀಪದ ಮಣ್ಣನ್ನು ಬಳಲಿಸಿತು.

ಅಲ್ಲಿ ಆಸ್ಟ್ರೇಲಿಯಾದ ನೆರವಿನಿಂದ, ರೈತರ ಹೊಲಗಳಲ್ಲೇ ನಡೆದ ಪ್ರಯೋಗಗಳಲ್ಲಿ ಗೆದ್ದದ್ದು ನಸುಗುನ್ನಿ ಜಾತಿಯ ಬಳ್ಳಿ. ತುರಿಕೆಯಿಲ್ಲದ ತಳಿಯನ್ನು ಬಿತ್ತಿ ಆರು ತಿಂಗಳು ಬಿಟ್ಟರೆ ನೆಲವನ್ನು ಪೂರ್ತಿ ಮುಚ್ಚಿ ಕಳೆಯನ್ನು ಅಡಗಿಸುತ್ತದೆ, ಸಾರಜನಕ ಕೂಡಿಸುತ್ತದೆ. ಆಮೇಲೆ ಬಳ್ಳಿಯನ್ನು ಕೆಡವಿ, ಉಳದೆ, ಆ ಮುಚ್ಚಿಗೆಯ ನಡುವೆಯೇ ಕೆಸು ನೆಡಬಹುದು. ಹುಲ್ಲು ಬೆಳೆದ ಬೀಳಿಗಿಂತ ಮಣ್ಣು ಮೆತ್ತಗಾಗುತ್ತದೆ, ಎರೆಹುಳು ಕಾಣಿಸಿಕೊಳ್ಳುತ್ತವೆ. ಎಲೆ ಹೊರುವ ಕೆಲಸವೂ ಇಲ್ಲಿಲ್ಲ, ಎಲೆ ಬೇಕಾದಲ್ಲಿಯೇ ಬೆಳೆಯುತ್ತದೆ. ನನ್ನ ಮಟ್ಟಿಗೆ ಎತ್ತರದ ದ್ವೀಪಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ಸದ್ಯಕ್ಕಿಲ್ಲ. ತೊಡಕು ಒಂದೇ: ಆ ಆರು ತಿಂಗಳು ಹೊಲದಿಂದ ಆದಾಯವಿಲ್ಲ. ಶಾಲೆಯ ಫೀಸು ಕಾಯುವುದಿಲ್ಲ. ಬೀಳು ಬಿಟ್ಟ ಹೊಲಕ್ಕೆ ಅಷ್ಟು ದಿನದ ಪರಿಹಾರ ಕೊಡುವುದು ರಾಸಾಯನಿಕ ಗೊಬ್ಬರಕ್ಕೆ ಸಹಾಯಧನ ಕೊಡುವುದಕ್ಕಿಂತ ಲಾಭವೋ ನಷ್ಟವೋ ಎಂದು ಪ್ರತಿ ಸರ್ಕಾರವೂ ತನ್ನ ಅಂಕಿಗಳನ್ನಿಟ್ಟು ಹಾಕಿ ನೋಡಬೇಕಾದ ಲೆಕ್ಕ.

ದುಡಿಯುವ ಕೈಗಳೇ ದ್ವೀಪ ಬಿಡುತ್ತಿವೆ ಎನ್ನುವುದು ಈ ಎಲ್ಲದರ ಅಡಿಯಲ್ಲಿರುವ ಸಂಗತಿ. ನ್ಯೂಜಿಲೆಂಡ್ 2007ರಲ್ಲಿ ತನ್ನ ಹಣ್ಣಿನ ತೋಟಗಳಿಗೆ ಪೆಸಿಫಿಕ್ ದ್ವೀಪಗಳಿಂದ ಹಂಗಾಮಿನ ಕೆಲಸಗಾರರನ್ನು ಕರೆಸಿಕೊಳ್ಳುವ ಯೋಜನೆ ಆರಂಭಿಸಿತು, ಆಸ್ಟ್ರೇಲಿಯಾವೂ ಹಿಂಬಾಲಿಸಿತು. ಟೊಂಗಾ, ಸಮೋವಾ, ವನುವಾಟುಗಳ ಗಟ್ಟಿಮುಟ್ಟು ಗಂಡಸರು ವರ್ಷದ ಹಲವು ತಿಂಗಳು ಅಲ್ಲಿ ಸೇಬು, ದ್ರಾಕ್ಷಿ ಕೊಯ್ಯುತ್ತಾರೆ. ಅಲ್ಲಿಯ ಸಂಬಳ ನೋಡಿದರೆ ಅವರನ್ನು ದೂರುವಂತಿಲ್ಲ. ಮನೆಯಲ್ಲಿ ಉಳಿದವರು ಹೆಂಗಸರು, ವಯಸ್ಸಾದವರು, ಮಕ್ಕಳು. ಕಳೆ ಕೀಳಲು, ಎಲೆ ಹೊರಲು ಕೈ ಸಾಲದ ಕಡೆ ಕಳೆನಾಶಕದ ಡಬ್ಬಿ ಬರುತ್ತದೆ, ನೆಲ ಬೋಳಾಗುತ್ತದೆ. ಮಣ್ಣಿ‌ನ ಕಾರ್ಯಕ್ರಮ ರೂಪಿಸುವವರು ಈ ಮನೆಯ ಚಿತ್ರವನ್ನು ಮುಂದಿಟ್ಟುಕೊಂಡರೆ, ತಲೆಹೊರೆ ಬೇಡುವ ವಿಧಾನಗಳನ್ನು ಬಿಟ್ಟು ಬಳ್ಳಿ, ಬೇಲಿ ಸಾಲು, ದೀವಿಹಲಸಿನಂಥ ಮರಗಳ ಕಡೆ ಹೆಚ್ಚು ಒಲಿಯುತ್ತಾರೆ. ಕಾಂಪೋಸ್ಟ್ ಬೇಕೇ ಬೇಕಾದ ಹವಳದ ದ್ವೀಪಗಳಲ್ಲಿ ಎಲೆ ಕತ್ತರಿಸುವ ಯಂತ್ರ, ಸಾಗಿಸುವ ಗಾಡಿ, ತಿಂಗಳ ಸಂಬಳದ ಆಳು ಇವನ್ನು ಬಜೆಟ್ಟಿನಲ್ಲಿ ಬರೆಯುತ್ತಾರೆ.

ವಾಪಸು ತೆಗೆಯಲಾಗದ್ದು

ಹೊರಗಿನಿಂದ ಏನನ್ನು ಮಣ್ಣಿಗೆ ಹಾಕುತ್ತೇವೆ ಎಂಬುದರಲ್ಲಿ ದ್ವೀಪಗಳಿಗೆ ಎರಡನೇ ಅವಕಾಶ ಇಲ್ಲ. ಕೆರಿಬಿಯನ್ನಿನ ಫ್ರೆಂಚ್ ದ್ವೀಪಗಳಾದ ಮಾರ್ಟಿನಿಕ್ ಮತ್ತು ಗ್ವಾಡೆಲೂಪ್‌ಗಳಲ್ಲಿ ಬಾಳೆಯ ಮೂತಿಹುಳುವಿಗೆ 1972ರಿಂದ 1993ರವರೆಗೆ ಕ್ಲೋರ್ಡೆಕೋನ್ ಎಂಬ ಕೀಟನಾಶಕ ಬಳಸಿದರು. ಅಮೆರಿಕ ಅದನ್ನು 1970ರ ದಶಕದಲ್ಲೇ ಕೈಬಿಟ್ಟಿತ್ತು. ಫ್ರಾನ್ಸ್ ತನ್ನ ಮುಖ್ಯ ಭೂಮಿಯಲ್ಲಿ 1990ರಲ್ಲಿ ನಿಲ್ಲಿಸಿತು, ದ್ವೀಪಗಳಿಗೆ ಮಾತ್ರ ವಿನಾಯಿತಿ ಮುಂದುವರಿಯಿತು. ಜ್ವಾಲಾಮುಖಿಯ ಮಣ್ಣು ಈ ವಿಷವನ್ನು ಶತಮಾನಗಳ ಕಾಲ ಹಿಡಿದಿಟ್ಟುಕೊಳ್ಳಬಲ್ಲದು. ಬಾಳೆಹಣ್ಣಿಗೆ ಅದು ಅಷ್ಟಾಗಿ ಏರುವುದಿಲ್ಲ, ಗೆಣಸು, ಕೆಸು, ಸುವರ್ಣಗಡ್ಡೆ ಜಾತಿಯ ನೆಲದೊಳಗಿನ ಬೆಳೆಗಳಿಗೆ ಅಂಟುತ್ತದೆ. ಅಂದರೆ ರಫ್ತಿನ ಹಣ್ಣು ಶುದ್ಧ, ಊರವರ ಹಿತ್ತಲಿನ ಗಡ್ಡೆ ವಿಷ. ಎರಡೂ ದ್ವೀಪಗಳ ವಯಸ್ಕರಲ್ಲಿ ಶೇ 90ಕ್ಕಿಂತ ಹೆಚ್ಚು ಜನರ ರಕ್ತದಲ್ಲಿ ಅದರ ಅಂಶ ಪತ್ತೆಯಾಗಿದೆ.

ಈಗ ಅದೇ ಕೆರಿಬಿಯನ್ನಿಗೆ 2011ರಿಂದ ಸರ್ಗಾಸಮ್ ಕಡಲಕಳೆ ರಾಶಿ ರಾಶಿಯಾಗಿ ಬಂದು ಬೀಳುತ್ತಿದೆ. ಪುಕ್ಕಟೆ ಗೊಬ್ಬರ ಎಂದು ಖುಷಿಪಡುವಂತಿಲ್ಲ. ಉಪ್ಪನ್ನು ತೊಳೆಯಬಹುದು, ಅದರಲ್ಲಿರುವ ಆರ್ಸೆನಿಕ್ ತೊಳೆದು ಹೋಗುವಂಥದ್ದಲ್ಲ. ಆರನ್ ದ್ವೀಪದ ಕಡಲಕಳೆಯ ಉದಾಹರಣೆ ಹಿಡಿದುಕೊಂಡು ಇಲ್ಲಿ ಹೊಲಕ್ಕೆ ಸುರಿಯುವುದು ಅಪಾಯ. ಪರೀಕ್ಷೆ ಮಾಡಿಯೇ ಬಳಸಬೇಕು.

ಪರೀಕ್ಷೆ ಎಂದಾಗ ಇನ್ನೊಂದು ಸಮಸ್ಯೆ. ಎಷ್ಟೋ ದ್ವೀಪಗಳಲ್ಲಿ ಮಣ್ಣಿನ ಪ್ರಯೋಗಾಲಯವೇ ಇಲ್ಲ, ಮಾದರಿ ವಿಮಾನ ಹತ್ತಿ ಹೋಗಬೇಕು. ಹೋದ ಕಡೆ ಯಾವ ವಿಧಾನದಲ್ಲಿ ಅಳೆದರು ಎನ್ನುವುದೂ ಮುಖ್ಯ. ಆಮ್ಲದಿಂದ ರಂಜಕ ಹೊರತೆಗೆಯುವ ಬ್ರೇ ವಿಧಾನ ಹವಳದ ಮಣ್ಣಿನಲ್ಲಿ ಕೆಲಸ ಮಾಡದು, ಆಮ್ಲವನ್ನು ಸುಣ್ಣವೇ ತಿಂದುಹಾಕುತ್ತದೆ. ಅಲ್ಲಿಗೆ ಕ್ಷಾರೀಯ ದ್ರಾವಣ ಬಳಸುವ ಓಲ್ಸನ್ ವಿಧಾನ ಬೇಕು. ಇಂಥ ಸಣ್ಣ ವಿವರ ತಪ್ಪಿದರೆ ವರದಿಯ ಅಂಕಿಯೆಲ್ಲ ದಿಕ್ಕು ತಪ್ಪಿಸುತ್ತದೆ.

ರಾಸಾಯನಿಕ ನಿಲ್ಲಿಸಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. 32 ಚದರ ಕಿಲೋಮೀಟರಿನ ಲಕ್ಷದ್ವೀಪವನ್ನು 2020ರಲ್ಲಿ ಪೂರ್ತಿ ಸಾವಯವ ಪ್ರದೇಶವೆಂದು ಘೋಷಿಸಲಾಯಿತು. ಬಾವಿ ನೀರಿನ ದೃಷ್ಟಿಯಿಂದ ಅದು ಸರಿಯಾದ ಹೆಜ್ಜೆ. ಆದರೆ ಹಾಕುವುದನ್ನು ನಿಲ್ಲಿಸುವುದು ಬೇರೆ, ಕಟ್ಟುವುದು ಬೇರೆ. ತೆಂಗಿನಕಾಯಿ ಪ್ರತಿ ವರ್ಷ ಒಯ್ಯುವ ಪೊಟ್ಯಾಷನ್ನು ಸಿಪ್ಪೆ, ಗರಿ, ಬೂದಿಯ ರೂಪದಲ್ಲಿ ಬುಡಕ್ಕೆ ಮರಳಿಸದಿದ್ದರೆ ಪ್ರಮಾಣಪತ್ರ ಇದ್ದೂ ಮರ ಸೊರಗುತ್ತದೆ.

ಮರಳಿಸುವ ಕೆಲಸದಲ್ಲಿ ಒಳ್ಳೆಯ ಮಾದರಿ ಸಿಗುವುದು ಕೃಷಿ ಇಲಾಖೆಗಿಂತ ಹೆಚ್ಚಾಗಿ ಕಸ ವಿಲೇವಾರಿಯ ಕಡೆಯಿಂದ. ಕಿರಿಬಾಸಿನ ದಕ್ಷಿಣ ತರಾವಾದಲ್ಲಿ ಕೊಳೆಯದ ಕಸವನ್ನು ಹಣ ಕೊಟ್ಟು ಕೊಂಡ ಹಸಿರು ಚೀಲದಲ್ಲಿ ತುಂಬಿ ಇಡಬೇಕು. ಚೀಲಕ್ಕೆ ದುಡ್ಡು ಕೊಡಬೇಕಾದ್ದರಿಂದ ಎಲೆ, ಸಿಪ್ಪೆ, ಮುಸುರೆಯನ್ನು ಯಾರೂ ಅದರಲ್ಲಿ ತುರುಕುವುದಿಲ್ಲ, ಅವೆಲ್ಲ ಹಿತ್ತಲಿನ ಬಾಳೆ ಬುಡಕ್ಕೆ ಹೋಗಲಿ ಎನ್ನುವುದು ಉದ್ದೇಶ. ಫುನಾಫುಟಿಯಲ್ಲಿ ತೈವಾನಿನ ನೆರವಿನ ತೋಟವೊಂದು ಊರಿನ ಎಲೆಕಸದ ಕಾಂಪೋಸ್ಟಿನಿಂದಲೇ ಸೊಪ್ಪು, ಸೌತೆ ಬೆಳೆದು ಮಾರುತ್ತದೆ. ಟುವಾಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀರಿಲ್ಲದ ಕಾಂಪೋಸ್ಟ್ ಶೌಚಾಲಯಗಳನ್ನು ‘ಫಲೆವಾಟಿಯೆ’ ಎಂಬ ಹೆಸರಿನಲ್ಲಿ ಮನೆಗಳಿಗೆ ಹಾಕಿಸಿತು. ಸಿಹಿನೀರು ಉಳಿಯಿತು, ಬಾವಿಗೆ ಇಳಿಯುವ ಹೊಲಸು ತಪ್ಪಿತು, ಚೆನ್ನಾಗಿ ಕಳಿತ ಗೊಬ್ಬರ ಹಣ್ಣಿನ ಮರಗಳಿಗೆ ಒದಗಿತು. ಜನರ ಹಿಂಜರಿಕೆ ಇಲ್ಲವೆಂದಲ್ಲ. ತೊಟ್ಟಿ ತುಂಬಿದಾಗ ಖಾಲಿ ಮಾಡುವವರು ಯಾರು ಎನ್ನುವ ಪ್ರಶ್ನೆ ಇಲ್ಲೂ ಬರುತ್ತದೆ.

2024ರ ಮೇ ತಿಂಗಳಲ್ಲಿ ಆ್ಯಂಟಿಗುವಾದಲ್ಲಿ ಸೇರಿದ ಸಣ್ಣ ದ್ವೀಪ ರಾಷ್ಟ್ರಗಳು ಮುಂದಿನ ಹತ್ತು ವರ್ಷಗಳ ಕಾರ್ಯಸೂಚಿಯನ್ನು ಒಪ್ಪಿಕೊಂಡಿವೆ. ಸುಸ್ಥಿರ ಮಣ್ಣು ನಿರ್ವಹಣೆಗೆ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿ 2016ರಿಂದಲೇ ಇದೆ. ಏನು ಮಾಡಬೇಕೆಂಬ ಪಟ್ಟಿಗೆ ಕೊರತೆಯಿಲ್ಲ. ಇನ್ನು ಮುಂದೆ ದ್ವೀಪದ ಮಣ್ಣಿನ ಯೋಜನೆ ಯಾವುದೇ ಬಂದರೂ ಅದರ ಖರ್ಚಿನ ಪಟ್ಟಿಯಲ್ಲಿ ನಾನು ಮೊದಲು ಹುಡುಕುವುದು ಮೂರು ಸಾಲುಗಳನ್ನು: ಎಲೆಕಸ ಸಾಗಿಸುವವರ ಸಂಬಳ, ಬೀಳು ಬಿಟ್ಟ ರೈತನ ಪರಿಹಾರ, ಗೇಣಿ ಮುಗಿದಾಗ ಮಣ್ಣಿನ ಸುಧಾರಣೆಗೆ ಕೊಡುವ ಬೆಲೆ. ತರಬೇತಿ, ಸಲಹೆಗಾರರ ಶುಲ್ಕ, ಕಾರ್ಯಾಗಾರದ ಊಟ ಆಮೇಲೆ ನೋಡಿದರಾಯಿತು.